ಹನ್ನೊಂದು ಕತೆ, ಎರಡು ಚೀಟಿ

ಬೆಳಗ್ಗೆ ಅಂಗಳ ಗುಡಿಸಿ ನೀರು ಹಾಕಿದೆ. ಹಾಲನ್ನು ಡೈರಿಗೆ ಕೊಟ್ಟು ಬಂದೆ. ತೋಟದಿಂದ ಬಂದ ಎರಡು ಹೊರೆ ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆಹುಳುಗಳಿಗೆ ಹರಡಿದೆ. ನಾಲ್ಕನೇ ಸಲ ಪೊರೆ ಬಿಟ್ಟು ಎದ್ದಿವೆ, ಹಸಿವು ಹೆಚ್ಚು. ಎರಡು ಸೀರೆ ಒಗೆದೆ. ಹುರುಳಿ ಆರಿಸಿ ನೆನೆಹಾಕಿದೆ. ಮಧ್ಯಾಹ್ನ ಹುಳುಮನೆಯ ಹೊಸ್ತಿಲ ಮೇಲೆ ಕೂತು ಹನ್ನೊಂದು ಕತೆಗಳಿಗೆ ಎರಡನೇ ಸಲ ದರ್ಜೆ ಹಾಕಿದೆ.

ಈ ಕೊನೆಯ ಕೆಲಸವನ್ನು ಸುಗಟೂರಿನಲ್ಲಿ ನಾನೊಬ್ಬಳೇ ಮಾಡುವುದು. ಮೊದಲು ಇಬ್ಬರಿದ್ದೆವು. ನಮ್ಮೂರ ಶಾಲೆಗೆ ಕೋಲಾರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಟೀಚರ್ ಒಬ್ಬರು ನನಗೆ ಓದಿನ ಜೊತೆಗಾತಿ. ಅವರ ಮನೆಮಾತು ದಖ್ಖನಿ ಉರ್ದು, ಓದುವುದು ಕನ್ನಡ. ಎರಡು ವರ್ಷದ ಹಿಂದೆ ಅವರಿಗೆ ಆವನಿಯ ಕಡೆಗೆ ವರ್ಗವಾಯಿತು. ಆಮೇಲೂ ನಮ್ಮ ಪದ್ಧತಿ ನಿಲ್ಲಲಿಲ್ಲ. ಒಂದು ಕಥಾಸಂಕಲನವನ್ನು ಒಬ್ಬರು ಮೊದಲು ಓದಬೇಕು, ದರ್ಜೆಯ ಚೀಟಿ ಬರೆದು ಮಡಚಿ ಪುಸ್ತಕದ ರಟ್ಟಿಗೆ ಪಿನ್ ಹಾಕಿ ಇನ್ನೊಬ್ಬರಿಗೆ ಕೊಡಬೇಕು. ಎರಡನೆಯವರು ತಮ್ಮ ಚೀಟಿ ಬರೆದು ಮುಗಿಸುವವರೆಗೂ ಆ ಪಿನ್ ಬಿಚ್ಚುವಂತಿಲ್ಲ. ಕೊಟ್ಟವರೂ ಮತ್ತೆ ತೆಗೆದು ತಿದ್ದುವಂತಿಲ್ಲ.

ಈ ಸಲದ ಪುಸ್ತಕ ಹಳೆಯ ವೈಜ್ಞಾನಿಕ ಕತೆಗಳ ಅನುವಾದ. ಬರೆದವರೆಲ್ಲ ನಮ್ಮ ಅಜ್ಜಂದಿರ ಕಾಲದವರು. ಚಂದ್ರನ ಮೇಲೆ ಮನೆ ಕಟ್ಟಿದವರೂ ಅದರಲ್ಲಿ ತಂತಿಯ ಫೋನ್ ಹಿಡಿದೇ ಮಾತಾಡುತ್ತಾರೆ. ಅಲ್ಲಿಯೂ ಕಾಫಿ ತರುವವಳು ಹೆಂಗಸೇ. ಓದುವಾಗ ನಾನೊಬ್ಬಳೇ ನಕ್ಕಿದ್ದೆ.

ನಾನು ದರ್ಜೆ ಹಾಕುವುದು ರೇಷ್ಮೆಗೂಡು ಆರಿಸುವ ಹಾಗೆ. ಮೊದಲು ಒಳ್ಳೆಯದನ್ನು ಹುಡುಕುವುದಿಲ್ಲ. ಕಲೆ ಬಿದ್ದದ್ದು, ತೆಳುವಾದದ್ದು, ಜೋಡಿ ಗೂಡು, ಇವನ್ನು ತೆಗೆದುಹಾಕುತ್ತೇನೆ. ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿದರೆ ಎಳೆ ಸಿಕ್ಕಾಗಿ ಬಿಚ್ಚಲು ಬರುವುದಿಲ್ಲ. ದೂರವನ್ನು ಕುಗ್ಗಿಸುವ ಯಂತ್ರ ಕಂಡುಹಿಡಿದು ಮೂರು ಪುಟ ಭಾಷಣ ಮಾಡುವ ಪ್ರೊಫೆಸರ ಕತೆ ತೆಳು ಗೂಡು, ಹೊರಗೆ ಹೋಯಿತು. ಮೊದಲನೆಯ ಸ್ಥಾನ ಬೀಜದ ಹಡಗಿಗೆ. ಬೇರೆ ಲೋಕದಲ್ಲಿ ಬಿತ್ತಲೆಂದು ಬೀಜ ಹೇರಿಕೊಂಡು ಹೊರಟವರು ದಾರಿಯಲ್ಲಿ ಒಂದೊಂದೇ ಚೀಲ ಬಿಚ್ಚಿ ತಿನ್ನುತ್ತಾರೆ. ಪ್ರತಿ ಸಲವೂ ಅವರ ಕಾರಣ ನ್ಯಾಯವಾಗಿಯೇ ಇರುತ್ತದೆ, ಕತೆಯಲ್ಲಿ ಕೆಟ್ಟವರೇ ಇಲ್ಲ. ಎರಡನೆಯದು, ಒಂದು ಹಗಲು ನಲವತ್ತು ವರ್ಷ ಉದ್ದವಿರುವ ಲೋಕದ್ದು. ಸಂಜೆಯಾಯಿತೆಂದು ಕೂಗಿ ಹೇಳುವುದು ಒಬ್ಬ ಹೆಂಗಸಿನ ಕೆಲಸ. ಕೂಗುವ ಮಾತು ಮರೆತುಹೋಗಬಾರದೆಂದು ಆಕೆ ಎದ್ದಾಗಲೆಲ್ಲ ಅದನ್ನು ಮೆಲ್ಲಗೆ ಹೇಳಿಕೊಳ್ಳುತ್ತಾಳೆ.

ಒಂದು ಕತೆ ಬಾಹ್ಯಾಕಾಶದ ದೂರದ ಠಾಣೆಯಲ್ಲಿ ಕಾವಲಿರುವ ಗಂಡ ಹೆಂಡತಿಯದು. ಆಕೆಗೆ ಹಗಲು ಪಾಳಿ, ಆತನಿಗೆ ರಾತ್ರಿ ಪಾಳಿ. ಒಬ್ಬರು ಎಚ್ಚರವಿರುವಾಗ ಇನ್ನೊಬ್ಬರು ಮುಚ್ಚಿದ ಪೆಟ್ಟಿಗೆಯೊಳಗೆ ನಿದ್ದೆ. ಕತೆ ಒಂದು ಪುಟ ಆಕೆಯದು, ಒಂದು ಪುಟ ಆತನದು. ಅದನ್ನು ನಾನು ದರ್ಜೆಗೇ ಸೇರಿಸಲಿಲ್ಲ. ಚೀಟಿಯಲ್ಲಿ ಬರೆದದ್ದು ಇಷ್ಟು: “ಜೋಡಿ ಗೂಡು. ಒಂದೇ ಮನೆಯಲ್ಲಿದ್ದು ಮುಖ ನೋಡದವರು ಎಂಥ ಗಂಡ ಹೆಂಡತಿ? ಎಳೆ ಬರುವುದಿಲ್ಲ. ಹೊರಕ್ಕೆ.”

ಬರೆದು, ಮಡಚಿ, ಪಿನ್ ಹಾಕಿ ಮರೆತೆ. ಅದಾದ ಹತ್ತು ದಿನಕ್ಕೆ ಟೀಚರ ಯಜಮಾನರು ಎದೆನೋವಿನಿಂದ ತೀರಿಕೊಂಡರು. ಮಾಲೂರಿನ ಕಾರ್ಖಾನೆಯೊಂದರಲ್ಲಿ ಅವರದು ರಾತ್ರಿ ಪಾಳಿ. ಅದು ನನಗೆ ಗೊತ್ತಿಲ್ಲದ್ದಲ್ಲ. “ನಮ್ಮನೆಯವ್ರು ಎಲ್ಲಾದ್ರೂ ಸಿಕ್ರೆ ಹೇಳಿ ಅಕ್ಕಾ, ನಾನು ನೋಡಿ ವಾರ ಆಯ್ತು” ಎಂದು ಟೀಚರ್ ಎಷ್ಟೋ ಸಲ ತಮಾಷೆ ಮಾಡಿದ್ದರು, ನಾನೂ ಪ್ರತಿ ಸಲ ನಕ್ಕಿದ್ದೆ. ಗಂಡ ತೀರಿದ ಮೇಲೆ ಮನೆಯೊಳಗೇ ಇರಬೇಕಾದ ಇದ್ದತ್ತಿನ ದಿನಗಳಲ್ಲಿ, ಹೊತ್ತು ಹೋಗಲೆಂದು ಈ ಪುಸ್ತಕವನ್ನು ನಾನೇ ಕೋಲಾರಕ್ಕೆ ಒಯ್ದು ಅವರ ಕೈಗೆ ಕೊಟ್ಟೆ. ಚೀಟಿಯಲ್ಲಿ ಏನಿದೆಯೆಂದು ನೆನಪೇ ಆಗಲಿಲ್ಲ.

ಮೂರು ವಾರಕ್ಕೆ ನಮ್ಮೂರ ಶಾಲೆಯ ಅಡುಗೆಯವಳ ಕೈಲಿ ಪುಸ್ತಕ ವಾಪಸ್ಸು ಬಂತು, ಎರಡೂ ಚೀಟಿ ಬಿಚ್ಚಿಯೇ ಇದ್ದವು. ಅವರ ಚೀಟಿಯಲ್ಲಿ ಮೊದಲ ಸ್ಥಾನ ಠಾಣೆಯ ಗಂಡ ಹೆಂಡತಿಗೆ. ಅವತ್ತಿನಿಂದ ನನ್ನ ಫೋನ್ ಎತ್ತಿಲ್ಲ. ತಿಂಗಳಾಯಿತು. ಈ ತಿಂಗಳಲ್ಲಿ ನಾನು ಏನನ್ನೂ ಓದಲಿಲ್ಲ. ಓದಿ ಯಾರಿಗೆ ಹೇಳಲಿ?

ಇವತ್ತು ಆ ಕತೆಯನ್ನು ಮತ್ತೆ ಓದಿದೆ. ಮೊದಲ ಸಲ ಹಾರಿಸಿಬಿಟ್ಟ ಸಾಲುಗಳು ಈಗ ಕಂಡವು. ಠಾಣೆಯ ದಿನಚರಿಯಲ್ಲಿ ಆತ ಬರೆಯುತ್ತಾನೆ: ಗಾಳಿಯಂತ್ರ ಸರಿಯಿದೆ, ಸೂಜಿ ಕಿಟಕಿಯ ಹತ್ತಿರ ಬಿದ್ದಿತ್ತು, ಡಬ್ಬಿಗೆ ಹಾಕಿದ್ದೇನೆ. ಮಾರನೆಯ ಹಗಲು ಆಕೆ ಬರೆಯುತ್ತಾಳೆ: ನಿಮ್ಮ ಅಂಗಿಯ ಗುಂಡಿ ಹೊಲಿದಾಯಿತು. ಪ್ರೀತಿಯ ಮಾತು ಒಂದೂ ಇಲ್ಲ, ಬೇಕಾಗಿಯೂ ಇಲ್ಲ. ಗೂಡು ಆರಿಸುವ ಕಣ್ಣಿನಿಂದ ನೋಡಿ ತಪ್ಪು ಮಾಡಿದ್ದೆ.

ನಮ್ಮ ಯಜಮಾನರು ಸೊಪ್ಪಿನ ಹೊರೆ ಇಳಿಸುತ್ತ ಕೇಳಿದರು. “ಇನ್ನೂ ಆ ಕತೆಗಳಿಗೆ ಮಾರ್ಕ್ಸ್ ಹಾಕ್ತಾನೇ ಇದ್ಯೇನೇ? ಪಾಸಾದ್ವಾ?”

“ಒಂದನ್ನ ಸುಮ್ಮನೆ ಫೇಲ್ ಮಾಡಿಬಿಟ್ಟಿದ್ದೆ.”

“ಟೀಚರ್‌ಗೆ ಹೇಳ್ಬಿಡು ಮತ್ತೆ.”

“ಫೋನ್ ಎತ್ತಲ್ಲ ಅವ್ರು.”

“ನನ್ ಫೋನಿಂದ ಮಾಡು. ನನ್ ನಂಬರ್ ಅವ್ರಿಗೇನ್ ಗೊತ್ತು?”

“ಕದ್ದು ಮಾತಾಡ್ಸೋಳಲ್ಲ ನಾನು.”

“ಸರಿ ಕಣೇ. ಹಿಂಗೇ ಕೂತಿರು.”

ನಾಲ್ಕು ಗಂಟೆಗೆ ವಾಟ್ಸಾಪಿನಲ್ಲಿ ನನ್ನ ದನಿಯನ್ನೇ ಕಳಿಸಿದೆ. “ಟೀಚರ್, ಹೊಸ ಚೀಟಿ ಓದ್ತೀನಿ, ಕೇಳಿ. ಒಂದು, ಬೀಜದ ಹಡಗು. ಎರಡು, ಸಂಜೆ ಕೂಗೋಳು. ಮೂರು, ಠಾಣೆ ಗಂಡ ಹೆಂಡ್ತಿ. ಆ ಹಳೇ ಚೀಟಿ ಬರೆದಾಗ ನಿಮ್ಮವ್ರು ಇದ್ರು. ಬರೆದಿದ್ದು ಮರೆತು ಹಂಗೇ ಕೊಟ್ಬಿಟ್ಟೆ. ತಪ್ಪು ನಂದು.”

ಹುಳುಗಳಿಗೆ ಸೊಪ್ಪು ಹಾಕುತ್ತಿರುವಾಗ ಅವರೇ ಫೋನ್ ಮಾಡಿದರು.

“ಮೂರಾ ಅಕ್ಕಾ?”

“ಮೂರೇ. ಆ ಎರಡರ ಮುಂದೆ ಇಡಕ್ಕೆ ಮನಸ್ಸು ಒಪ್ಪಲಿಲ್ಲ.”

“ಒಂದು ಅಂದಿದ್ರೆ ಫೋನೇ ಮಾಡ್ತಿರ್ಲಿಲ್ಲ. ಪಾಪ ಅಂತ ಮಾರ್ಕ್ಸ್ ಹಾಕೋ ಮೇಷ್ಟ್ರುಗಳನ್ನ ಬೇಕಾದಷ್ಟು ನೋಡಿದೀನಿ.” ಆಮೇಲೆ ಅಂದರು: “ನಮ್ಮನೆಯವ್ರು ಬರೋ ಹೊತ್ಗೆ ನಾನು ಬಸ್ಸಲ್ಲಿ ಇರ್ತಿದ್ದೆ. ಕಿತ್ತೋದ ಚಪ್ಪಲಿ ಮೂಲೇಲಿ ಬಿಟ್ಟಿದ್ರೆ, ಸಂಜೆ ನಾನು ಬರೋದ್ರೊಳಗೆ ಹೊಲಿಸಿ ಇಟ್ಟಿರ್ತಿದ್ರು. ಹೊಲಿಸಿ ಅಂತ ನಾನು ಹೇಳಿರ್ತಿರ್ಲಿಲ್ಲ ಅಕ್ಕಾ.”

“ಮುಂದಿನ ಪುಸ್ತಕ ನೀವೇ ಮೊದಲು ಓದಿ” ಅಂದೆ.

“ಬೇಡ ಅಕ್ಕಾ. ಪುಸ್ತಕ ಹಿಡಿದ್ರೆ ಮನೆ ಇನ್ನೂ ನಿಶ್ಶಬ್ದ ಆಗುತ್ತೆ. ಟಿವಿ ಹಾಕ್ಕೊಂಡು ಕೂರ್ತೀನಿ, ಏನೋ ಒಂದು ಸದ್ದು.”

“ಎಷ್ಟು ದಿನ?”

“ಕೇಳ್ಬೇಡಿ. ಗೊತ್ತಿಲ್ಲ.”

“ಫೋನ್ ಮಾಡ್ಬಹುದಾ?”

“ಮಾಡಿ. ಕತೆ ಸುದ್ದಿ ಮಾತ್ರ ಬೇಡ. ಹುಳ ಹೆಂಗಿದಾವೆ ಹೇಳಿ.”

ಹೇಳಿದೆ. ನಾಲ್ಕನೇ ಪೊರೆ ಬಿಟ್ಟಿವೆ, ಬೆಳಗ್ಗೆಯೇ ಎರಡು ಹೊರೆ ತಿಂದು ಮುಗಿಸಿದವು, ಇನ್ನೊಂದು ವಾರಕ್ಕೆ ಗೂಡು ಕಟ್ಟುತ್ತವೆ. ಫೋನನ್ನು ಹುಳುಗಳ ಮೇಲೆ ಹಿಡಿದೆ, ಸೊಪ್ಪು ತಿನ್ನುವ ಸದ್ದು ಮಳೆಹನಿಯಂತೆ ಇತ್ತು. ಅವರು ಕೇಳಿಸಿಕೊಂಡು, “ಸರಿ ಅಕ್ಕಾ, ಇಡ್ತೀನಿ” ಅಂದರು.

ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿನ ಹಲಗೆಗೆ ಏರಿಸಿದೆ. ಗ್ರಂಥಾಲಯದಿಂದ ತಂದ ಇನ್ನೊಂದು ಸಂಕಲನ ಅಲ್ಲೇ ಇತ್ತು. ಮೊದಲ ಕತೆಯ ಅರ್ಧ ಪುಟ ಓದಿ ಮಡಚಿಟ್ಟೆ.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಸಾರು, ಅರ್ಧ ಈರುಳ್ಳಿ. ಮಜ್ಜಿಗೆ ಇರಲಿಲ್ಲ. ಯಜಮಾನರು ಮೊದಲು ಮಲಗಿದರು.