ಸಪ್ಪಲಮ್ಮ ವಾಷಿಂಗ್ ಮಿಷನ್ ಕೊಂಡದ್ದು

ಯಡಿಯೂರು ಕೆರೆಯ ಹಿಂದಿನ ಆ ವಠಾರದಲ್ಲಿ ಆರು ಮನೆ, ಒಂದು ನಲ್ಲಿ, ಒಂದು ಒಗೆಯುವ ಕಲ್ಲು. ಕಲ್ಲಿಗೊಂದು ಸರದಿಯಿತ್ತು. ಮೊದಲು ಮಾಲೀಕ ಶಂಭುಲಿಂಗಪ್ಪನವರ ಮನೆ, ಆಮೇಲೆ ಲ್ಯಾಬ್ ಟೆಕ್ನಿಷಿಯನ್ ಗೌರೀಶಂಕರನ ಮನೆ, ಆಮೇಲೆ ಉಳಿದವರು, ಕಟ್ಟಕಡೆಗೆ ಸಪ್ಪಲಮ್ಮ. ಈ ಸರದಿಯನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಿದ್ದರೆ ಜಗಳವಾಡಬಹುದಿತ್ತು.

ಸಪ್ಪಲಮ್ಮ ಹುಟ್ಟಿದ್ದು ಬೊಮ್ಮನಹಳ್ಳಿಯ ಊರಾಚೆಯ ದಲಿತರ ಕೇರಿಯಲ್ಲಿ. ಅಪ್ಪ ಪಿಳ್ಳಣ್ಣ ಸಾಯುವವರೆಗೂ ಕಂಡವರ ಕಕ್ಕಸು ತೊಳೆದವನು. ಮಗಳ ಕೈಗೆ ಆ ಪೊರಕೆ ಬರಬಾರದೆಂದೇ ಏಳನೇ ಕ್ಲಾಸಿನವರೆಗೆ ಓದಿಸಿದ್ದ. ಅವಳು ಜಯನಗರದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಆಯಾ ಆದಳು. ಆ ಕಡೆಯ ಬಡಾವಣೆಗಳ ಅದೆಷ್ಟೋ ಮಕ್ಕಳನ್ನು ಮೊದಲು ಕೈಯಲ್ಲಿ ಹಿಡಿದು, ಬೆಚ್ಚಗಿನ ಬಟ್ಟೆಯಲ್ಲಿ ಒರೆಸಿದವಳು ಅವಳೇ. ಆ ಮಕ್ಕಳಿಗೆ ಜಾತಿ ಹಚ್ಚುವುದು ಆಮೇಲಿನ ಕೆಲಸ, ಅದಕ್ಕೆ ಬೇರೆಯವರಿದ್ದಾರೆ.

ಬಾಡಿಗೆಗೆ ಮನೆ ಕೇಳಲು ಹೋದಾಗ ಶಂಭುಲಿಂಗಪ್ಪ, "ನೀವು ಯಾವ ಜನ?" ಅಂದಿದ್ದರು.

"ಸರ್ಕಾರಿ ಜನ ಸಾರ್" ಅಂದಿದ್ದಳು. ಅವರು ನಕ್ಕು ಬೀಗದಕೈ ಕೊಟ್ಟಿದ್ದರು.

ಆಗ ಕಲ್ಲಿನ ಮೇಲೆ ಅವಳದು ಮೂರನೇ ಸರದಿ. ಬುದ್ಧ ಪೂರ್ಣಿಮೆಗೆ ಗಂಡ ಯಲ್ಲಯ್ಯ ಬುದ್ಧನ ಪಟ, ಪಕ್ಕಕ್ಕೆ ಅಂಬೇಡ್ಕರರ ಪಟ ತಂದು ಹೊರಗಿನ ಕೋಣೆಯ ಗೋಡೆಗೆ ಹಾಕಿದ. ಬಾಗಿಲಿನಿಂದ ನೋಡಿದರೆ ಕಾಣುವ ಜಾಗ. ಆ ವಾರದಿಂದಲೇ ಅವಳ ಬಕೆಟ್ಟು ಸಾಲಿನ ಕೊನೆಗೆ ಸರಿಯಿತು.

"ತಪ್ಪು ತಿಳ್ಕೋಬೇಡಿ ಸಪ್ಪಲಮ್ಮ" ಎಂದಿದ್ದರು ಮಾಲೀಕರ ಹೆಂಡತಿ ಉಮಾಮಹೇಶ್ವರಿ, ಬಹಳ ಮೃದುವಾಗಿ. "ಜಾತಿ ಗೀತಿ ಎಲ್ಲ ನಮ್ಮಲ್ಲಿಲ್ಲ. ನಿಮ್ಮದು ಆಸ್ಪತ್ರೆ ಬಟ್ಟೆ ನೋಡಿ, ಅದಕ್ಕೆ. ಮಕ್ಕಳಿರೋ ವಠಾರ."

ಗೌರೀಶಂಕರ ಕೆಲಸ ಮಾಡುತ್ತಿದ್ದದ್ದೂ ಅದೇ ಆಸ್ಪತ್ರೆಯಲ್ಲಿ. ದಿನವಿಡೀ ರಕ್ತ, ಕಫ, ಮೂತ್ರ ಪರೀಕ್ಷೆ ಮಾಡುವವನು. ಅವನ ಬಿಳಿ ಕೋಟು ಮಾತ್ರ ಎರಡನೇ ಸರದಿಯಲ್ಲೇ ಕಲ್ಲಿಗೆ ಬೀಳುತ್ತಿತ್ತು. ರೋಗಾಣುಗಳೂ ಜಾತಿ ವಿಚಾರಿಸಿಕೊಂಡೇ ಬಟ್ಟೆ ಹತ್ತುತ್ತವೆಂದು ಆ ವಠಾರ ಕಂಡುಹಿಡಿದಿತ್ತು.

ಕಲ್ಲು ಬಿಡುವಾಗುವ ಹೊತ್ತಿಗೆ ಸಪ್ಪಲಮ್ಮನ ಡ್ಯೂಟಿ ಶುರುವಾಗಿರುತ್ತಿತ್ತು. ನಿಂತು ನ್ಯಾಯ ಕೇಳೋಣವೆಂದರೆ ಬಸ್ಸು ತಪ್ಪುತ್ತಿತ್ತು. ಸಂಜೆ ಒಗೆಯೋಣವೆಂದರೆ, ದೀಪ ಹಚ್ಚಿದ ಮೇಲೆ ಕಲ್ಲಿನ ಮೇಲೆ ಬಟ್ಟೆ ಬಡಿದರೆ ಮನೆಗೆ ಶ್ರೇಯಸ್ಸಲ್ಲ ಎಂದು ಮಾಲೀಕರ ಕಟ್ಟಳೆ. ಇಕ್ಕಟ್ಟಿನ ಬಚ್ಚಲಲ್ಲಿ ಕೂತು ಯೂನಿಫಾರಂ ಸೀರೆಯನ್ನು ಕುಸುಬಿ, ಕೈ ಸೋಲುವಂತೆ ಹಿಂಡಿ, ಒಳಗಿನ ಹಗ್ಗಕ್ಕೆ ಹಾಕಿದರೆ ಬೆಳಿಗ್ಗೆ ಅರೆಹಸಿ. ಅಂಚಿನಲ್ಲಿ ಕಂದುಗಲೆ. ಆಸ್ಪತ್ರೆಯ ಮೇಟ್ರನ್ ಎರಡು ಸಲ ಬೈದರು. ಆಮೇಲಿನ ಸಲ ಬೈಯಲೂ ಇಲ್ಲ.

"ಇನ್ನೊಂದ್ಸಲ ಹೀಗೆ ಬಂದ್ರೆ ವಾರ್ಡು ಬಿಡಿಸ್ತೀನಿ ಸಪ್ಪಲಮ್ಮ. ಕಕ್ಕಸು ತೊಳೆಯೋ ಕಡೆ ಹಾಕ್ತೀನಿ. ಅಲ್ಲಿ ಸೀರೆ ಹೇಗಿದ್ರೂ ನಡೆಯುತ್ತೆ."

ಅವತ್ತು ಸಂಜೆ ಮನೆಗೆ ಬಂದವಳು ಕಾಫಿ ಕೂಡ ಕುಡಿಯದೆ ಯಲ್ಲಯ್ಯನಿಗೆ ಹೇಳಿದಳು: "ವಾಷಿಂಗ್ ಮಿಷನ್ ತಗೋತೀನಿ."

"ನಮ್ಮಂಥೋರ್ ಮನೇಲಾ?"

"ನಮ್ಮಂಥೋರು ಅಂದ್ರೆ ಎಂಥೋರು?"

"ದುಡ್ಡಿಲ್ದೋರು ಅಂದೆ ಕಣೆ."

"ಹಂಗಾದ್ರೆ ಸರಿ. ಚೀಟಿ ಎತ್ತೀನಿ. ಮಿಕ್ಕಿದ್ದು ಕಂತು."

ಅದು ಎಂಬತ್ತೇಳನೇ ಇಸವಿ. ಆಗ ಜಯನಗರದ ದೊಡ್ಡ ಮನೆಗಳಲ್ಲೂ ವಾಷಿಂಗ್ ಮಿಷನ್ ಅಪರೂಪ. ನಾಲ್ಕನೇ ಬ್ಲಾಕಿನ ಅಂಗಡಿಯ ಗಾಜಿನ ಬಾಗಿಲು ತಳ್ಳಿ ಸಪ್ಪಲಮ್ಮ ಒಳಗೆ ಹೋದಾಗ, ಟೈ ಕಟ್ಟಿದ ಸೇಲ್ಸ್‌ಮನ್ ಅವಳ ಬೆನ್ನ ಹಿಂದೆ ನೋಡಿದ.

"ಮೇಡಂ ಬರ್ತಿದಾರಾ?"

"ಯಾವ ಮೇಡಂ?"

"ಅದೇ, ನಿಮ್ಮನ್ನ ಕಳಿಸಿದೋರು."

"ನನ್ನ ನಾನೇ ಕಳಿಸ್ಕೊಂಡೆ. ತೋರ್ಸಪ್ಪ."

ಅವನು ಮೊದಲು ದುಬಾರಿಯದನ್ನು ತೋರಿಸಿದ. "ನಲ್ಲಿಗೆ ಪೈಪ್ ಹಾಕಿದ್ರೆ ಸಾಕು. ಮಿಕ್ಕಿದ್ದೆಲ್ಲ ಅದೇ ಮಾಡುತ್ತೆ."

"ನಲ್ಲೀಲಿ ನೀರಿಲ್ದಾಗ?"

"ಆಗ... ಕಾಯುತ್ತೆ."

"ಕಾಯೋಕೆ ನಾನೇ ಇದೀನಲ್ಲ. ಅದಕ್ಯಾಕೆ ಅಷ್ಟು ದುಡ್ಡು?"

ಅಗ್ಗದ್ದು ಒಂದಿತ್ತು. ಕೆಂಪು ಹೂವಿನ ಚಿತ್ರ, ಒಂದೇ ಡಬ್ಬಿ, ಮಿರಮಿರ ಮಿಂಚುವ ಮೈ. ಚೀಟಿಯ ದುಡ್ಡಿನಲ್ಲೇ ಬರುತ್ತಿತ್ತು. ಸಪ್ಪಲಮ್ಮನ ಮನಸ್ಸು ಅದರ ಮೇಲೆ ಕೂತೂ ಬಿಟ್ಟಿತ್ತು. ಹೊರಡುವ ಮುಂಚೆ ಒಂದು ಮಾತು ಕೇಳಿದಳು: "ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ?" ಸೇಲ್ಸ್‌ಮನ್, ಇವಳು ತೊಲಗಿದರೆ ಸಾಕೆಂದು, ಮಡಿವಾಳದ ಬೈರಣ್ಣನ ಶೆಡ್ಡಿನ ದಾರಿ ಹೇಳಿದ. ಮಾರನೆಯ ದಿನ ಅವಳು ನಿಜವಾಗಿಯೂ ಮಡಿವಾಳಕ್ಕೆ ಹೋದಳು.

ಶೆಡ್ಡಿನ ಮುಂದೆ ಕೆಂಪು ಹೂವಿನ ಮಿಷನ್ನುಗಳು ಸಾಲಾಗಿ ಪಕ್ಕಕ್ಕೆ ಮಲಗಿದ್ದವು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ವಾರ್ಡು ಗುರುತು ಸಿಗದೆ ಇರುತ್ತದೆಯೇ?

"ಬೋರ್ ನೀರು, ತಗಡಿನ ತಳ ಕಣಕ್ಕ" ಎಂದ ಬೈರಣ್ಣ. "ತುಕ್ಕು ಹಿಡಿದು ಬುಡ ಉದುರುತ್ತೆ. ಮೇಲೆ ಹೂವು ಹಂಗೇ ಇರುತ್ತೆ."

"ಇಲ್ಲಿಗೆ ಬಂದು ಮಲಗದೇ ಇರೋದು ಯಾವ್ದಣ್ಣ?"

ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ತಲೆ ಕೆರೆದುಕೊಂಡ. "ಬೂದು ಬಣ್ಣದ್ದೊಂದಿದೆ, ಎರಡು ಡಬ್ಬೀದು. ಒಂದ್ರಲ್ಲಿ ಒಗೆಯೋದು, ಒಂದ್ರಲ್ಲಿ ಹಿಂಡೋದು. ತಳ ಪ್ಲಾಸ್ಟಿಕ್ಕು. ಅದೂ ಬರುತ್ತೆ, ಬೆಲ್ಟ್ ಹಾಕಿಸ್ಕೊಂಡು ಸಂಜೆಗೇ ಮನೆಗೆ ಹೋಗುತ್ತೆ. ನೋಡೋಕೆ ಮಾತ್ರ ಚೆನ್ನಾಗಿಲ್ಲ."

"ನಾನೇನು ಅದನ್ನ ಮದ್ವೆ ಆಗ್ತಿದೀನಾ?"

ಭಾನುವಾರ ಮತ್ತೆ ಅದೇ ಅಂಗಡಿ. ಈ ಸಲ ಚೀಲದಲ್ಲಿ ಕೊಳೆ ಸೀರೆ. "ಆ ಬೂದು ಬಣ್ಣದ್ದಕ್ಕೆ ಇದನ್ನ ಹಾಕಿ ತೋರ್ಸು. ನೀರು ಬಕೆಟ್ಟಲ್ಲಿ ಹುಯ್ಯಿ. ನಮ್ಮನೇಲಿ ಹಂಗೇ."

"ಶೋರೂಂನಲ್ಲಿ ಬಟ್ಟೆ ಒಗೆಯೋಕಾಗಲ್ಲಮ್ಮ. ಬೇಕಾದ್ರೆ ಒಣ ಕರ್ಚೀಫ್ ಹಾಕಿ ತಿರುಗಿಸ್ತೀನಿ."

"ಒಣ ಕರ್ಚೀಫ್ ನಾನು ಬಾಯಲ್ಲಿ ಊದಿದ್ರೂ ತಿರುಗುತ್ತೆ" ಎಂದು ಸಪ್ಪಲಮ್ಮ ಸ್ಟೂಲು ಎಳೆದುಕೊಂಡು ಕೂತಳು. ಏಳಲಿಲ್ಲ. ಅಂಗಡಿಗೆ ಬಂದಿದ್ದ ಗಂಡ ಹೆಂಡತಿಯರೂ ನೋಡುತ್ತ ನಿಂತರು. ಕೇಳಬೇಕೆಂದು ಅವರಿಗೂ ಆಸೆಯಿತ್ತು, ಸಂಕೋಚ ಬಿಟ್ಟಿರಲಿಲ್ಲ. ಅಂಗಡಿಯ ಯಜಮಾನ ಗುರುಶಾಂತಪ್ಪ ಗಲ್ಲಾಪೆಟ್ಟಿಗೆಯಿಂದಲೇ ಗದರಿದರು: "ನೀರು ತಾರೋ, ಜನ ಸೇರ್ತಿದಾರೆ."

ಸೀರೆ ಒಗೆದು, ಪಕ್ಕದ ಡಬ್ಬಿಯಲ್ಲಿ ಗಿರ್ರನೆ ತಿರುಗಿ ಹೊರಬಂತು. ಕೆನ್ನೆಗೊತ್ತಿ ನೋಡಿದಳು. ಈಗಷ್ಟೇ ಒರೆಸಿದ ಮುಖದಷ್ಟೇ ಪಸೆ. ರಾತ್ರಿ ಒಳಗೆ ಹಾಕಿದರೂ ಬೆಳಿಗ್ಗೆ ಗರಿಗರಿ. ಅಂಚಿನ ಕಲೆ ಪೂರ್ತಿ ಹೋಗಿರಲಿಲ್ಲ. ಅದಕ್ಕೆ ಮೊದಲೇ ಸೋಪು ಹಚ್ಚಿ ಉಜ್ಜಬೇಕು. ಉಜ್ಜಿದರಾಯಿತು. ಎಲ್ಲವನ್ನೂ ನಾನೇ ಮಾಡುತ್ತೇನೆ ಎನ್ನುವ ಯಂತ್ರವನ್ನೂ ಮನುಷ್ಯನನ್ನೂ ಅವಳು ಎಂದೂ ನಂಬಿದವಳಲ್ಲ.

ಚೀಟಿಯ ದುಡ್ಡು ಕಟ್ಟಿ, ಮಿಕ್ಕಿದ್ದಕ್ಕೆ ಕಂತು ಬರೆಸಿದಳು. ಸಂಜೆ ಕೈಗಾಡಿಯಲ್ಲಿ ಮಿಷನ್ ಬಂತು. ವಠಾರವೇ ಅಂಗಳಕ್ಕಿಳಿಯಿತು. ಶಂಭುಲಿಂಗಪ್ಪ ಗೇಟಿಗೆ ಅಡ್ಡ ನಿಂತರು.

"ಕರೆಂಟ್ ತಡೆಯಲ್ಲಮ್ಮ ಇದಕ್ಕೆಲ್ಲ."

"ನಿಮ್ಮ ಇಸ್ತ್ರಿ ಪೆಟ್ಟಿಗೆಗಿಂತ ಕಮ್ಮಿ ಎಳೆಯುತ್ತಂತೆ ಸಾರ್. ಬಿಲ್ಲಲ್ಲಿ ಎಷ್ಟು ಜಾಸ್ತಿ ಬರುತ್ತೋ ಕೊಡ್ತೀನಿ."

"ಕರೆಂಟೊಂದೇ ಅಲ್ಲ. ಆಸ್ಪತ್ರೆ ಬಟ್ಟೆ ನೀರು ಇದೇ ಮೋರೀಲಿ ಹೋಗಬೇಕಲ್ಲ."

ಸಪ್ಪಲಮ್ಮ ಅವರನ್ನು ನೋಡಲಿಲ್ಲ. ಎರಡನೇ ಮನೆಯ ಬಾಗಿಲಲ್ಲಿ ನಿಂತಿದ್ದವನನ್ನು ನೋಡಿದಳು. "ಗೌರೀಶಂಕರ ಸಾರ್, ನಿಮ್ಮ ಕೋಟಿನ ನೀರು ಯಾವ ಮೋರೀಲಿ ಹೋಗುತ್ತೆ?"

ಗೌರೀಶಂಕರ ಒಳ್ಳೆಯವನು. ಆಸ್ಪತ್ರೆಯಲ್ಲಿ ಎದುರು ಸಿಕ್ಕರೆ "ಊಟ ಆಯ್ತಾ" ಎಂದು ಕೇಳುವವನು. ಅವನು ತನ್ನ ಚಪ್ಪಲಿ ನೋಡಿಕೊಂಡು ಒಳಗೆ ಹೋದ. ಒಳ್ಳೆಯವರು ಹೀಗೆ ಒಳಗೆ ಹೋಗುತ್ತಾರೆಂದೇ ಲೋಕದ ಎಷ್ಟೋ ಕೆಟ್ಟ ಕಟ್ಟಳೆಗಳು ಹೊರಗೆ ಆರಾಮವಾಗಿ ನಿಂತಿವೆ.

"ಮನೆ ಖಾಲಿ ಮಾಡ್ಬೇಕಾಗುತ್ತೆ" ಎಂದರು ಶಂಭುಲಿಂಗಪ್ಪ, ದನಿ ತಗ್ಗಿಸಿ.

"ಮಾಡ್ತೀನಿ ಸಾರ್. ಬಾಡಿಗೆ ಒಂದು ತಿಂಗಳೂ ನಿಲ್ಸಿಲ್ಲ. ಯಾಕೆ ಖಾಲಿ ಮಾಡ್ಬೇಕು ಅಂತ ಈ ಜನದ ಮುಂದೆ ಹೇಳಿ, ನಾಳೇನೇ ಹೋಗ್ತೀನಿ. ಗಟ್ಟಿಯಾಗಿ ಹೇಳಿ."

ಅಂಗಳದಲ್ಲಿ ಎಲ್ಲರೂ ಕಾದರು. ಗಾಡಿಯವನೂ ಕಾದ. ಇಷ್ಟು ದಿನ ಹೇಳದೆಯೇ ನಡೆದಿದ್ದ ಮಾತು, ಹೇಳಬೇಕಾಗಿ ಬಂದಾಗ ಶಂಭುಲಿಂಗಪ್ಪನವರ ಗಂಟಲಿನಿಂದ ಈಚೆ ಬರಲಿಲ್ಲ. ಗೇಟು ಬಿಟ್ಟು ಸರಿದರು.

ಮರುದಿನ ಗರಿಗರಿ ಸೀರೆಯುಟ್ಟು ವಾರ್ಡಿಗೆ ಹೋದಳು. ಮೇಟ್ರನ್ ಮೇಲಿಂದ ಕೆಳಗೆ ನೋಡಿ, ಆಗತಾನೆ ಹುಟ್ಟಿದ ಕೂಸೊಂದನ್ನು ಅವಳ ಕೈಗೆ ಕೊಟ್ಟರು.

ಅಲ್ಲಿಗೆ ಮುಗಿಯಿತೆಂದು ವಠಾರ ಅಂದುಕೊಂಡಿತ್ತು. ಮಿಷನ್ ಬಂತು, ಇನ್ನು ಇವಳು ಕಲ್ಲಿನ ತಂಟೆಗೆ ಬರುವುದಿಲ್ಲ, ಎಲ್ಲರಿಗೂ ನೆಮ್ಮದಿ ಎಂದು. ಅವಳ ವಾರದ ರಜೆಯ ದಿನ ಬೆಳಿಗ್ಗೆ ಉಮಾಮಹೇಶ್ವರಿ ಬಕೆಟ್ಟು ಹಿಡಿದು ಬಂದರೆ, ಸಪ್ಪಲಮ್ಮ ಆಗಲೇ ಕಲ್ಲಿನ ಮುಂದೆ. ಕಲ್ಲಿನ ಮೇಲೆ ನೆನೆದ ಜಮಖಾನ.

"ಇದೇನು ಸಪ್ಪಲಮ್ಮ? ಮನೇಲಿ ಮಿಷನ್ ಇದೆಯಲ್ಲ?"

"ಇದೆ ಮೇಡಂ. ಯೂನಿಫಾರಂ ಒಗೆದು, ಒಣಗಿ, ಮಡಚಿಟ್ಟಾಯ್ತು."

"ಮತ್ತೆ?"

"ಮೊದಲೆಲ್ಲ ಬಸ್ಸು ತಪ್ಪುತ್ತೆ ಅಂತ ಹೆದರಿ, ನೀವು ಹೇಳ್ದಂಗೆ ಕೇಳ್ತಿದ್ದೆ" ಎಂದಳು ಸಪ್ಪಲಮ್ಮ, ಜಮಖಾನದ ಅಂಚಿಗೆ ಸೋಪು ಹಚ್ಚುತ್ತ. "ಈಗ ನಂಗೇನೂ ಅವಸರ ಇಲ್ಲ. ನಿಧಾನಕ್ಕೆ ಮುಗಿಸ್ತೀನಿ. ನಿಮ್ಮ ಬಕೆಟ್ಟು ಹಿಂದೆ ಇಡಿ."

ಉಮಾಮಹೇಶ್ವರಿ ಗಂಡನ ಕಿಟಕಿಯತ್ತ ನೋಡಿದರು. ಕಿಟಕಿ ಮುಚ್ಚಿತ್ತು. ಬಕೆಟ್ಟನ್ನು ಹಿಂದೆ ಇಟ್ಟರು.

ಸಪ್ಪಲಮ್ಮ ಜಮಖಾನ ಎತ್ತಿ ಕಲ್ಲಿಗೆ ಬಡಿದಳು. ಸದ್ದು ಆರೂ ಮನೆಗೆ ಕೇಳಿಸಿತು.