ಹೆಸರು ಹೊಡೆಸಿದ ಮೈಕ್ರೋಸ್ಕೋಪು

ಐವತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಒಂದು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ನನ್ನದು. ನಂಬರು ಅಂಟಿಸಿದ ಶೀಷೆಗಳಲ್ಲಿ ರಕ್ತ ಬರುತ್ತಿತ್ತು, ರೋಗಿಗಳು ಬರುತ್ತಿರಲಿಲ್ಲ. ಬೆಳಗಿನ ರೈಲಿಗೆ ಹರಿಹರದಿಂದ ಬಂದರೆ ಸಂಜೆಯ ರೈಲು ಹತ್ತುವ ತನಕ ಬಾಯಿ ತೆರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಒಬ್ಬ ಹತ್ತಿ ಸಾಹುಕಾರರ ಹೆಂಡತಿ ಏನೆಂದು ತಿಳಿಯದ ಜ್ವರದಲ್ಲಿ ತೀರಿಕೊಂಡರು. "ಆ ಜ್ವರ ಯಾಕ ಬರ್ತೈತೆ ಅಂತ ಹುಡುಕ್ರಿ, ಖರ್ಚೆಲ್ಲ ನಂದು" ಎಂದು ಸಾಹುಕಾರರು ನಮ್ಮ ಡಾಕ್ಟರಿಗೆ ಹೇಳಿ, ಮುಂಬಯಿಯಿಂದ ಹೊಸ ಮೈಕ್ರೋಸ್ಕೋಪು ತರಿಸಿದರು. ತರಿಸಿದ್ದನ್ನು ನೆಟ್ಟಗೆ ನಮಗೆ ಕೊಡಬಾರದಿತ್ತೆ? ದಾನದ ಕೊಡಕ್ಕೆ ಹೆಸರು ಹಾಕಿಸುವ ಹಾಗೆ ಅದನ್ನು ಪಾತ್ರೆ ಅಂಗಡಿಗೆ ಒಯ್ದು, ಉಳಿ ಸುತ್ತಿಗೆಯಿಂದ ಹೆಂಡತಿಯ ಹೆಸರು ಹೊಡೆಸಿದ್ದರು. ಸುತ್ತಿಗೆಯ ಏಟಿಗೆ ಒಳಗಿನ ಗಾಜು ಅಲುಗಿ, ಕಣ್ಣಿಟ್ಟರೆ ಬರೀ ಮಂಜು. ನನಗೆ ಸಿಟ್ಟು ನೆತ್ತಿಗೇರಿತು.

ಮರುದಿನ ಸಾಹುಕಾರರೇ ಬಂದರು. ಬಗ್ಗಿ ಕಣ್ಣಿಟ್ಟವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಬಯ್ಯಬೇಕೆಂದಿದ್ದ ನಾನು ಅವರಿಗೆ ಕೂರಲು ಸ್ಟೂಲು ಎಳೆದು ಕೊಟ್ಟೆ.

"ನನಗೇನೂ ಕಾಣ್ಲಿಲ್ರಿ. ನಿಮಗೆ ಕಾಣ್ತೈತಲ್ಲ?"

"ಕಾಣ್ತೈತ್ರಿ" ಎಂದೆ.

ಅವರು ಹೋದ ಮೇಲೆ ಕೆಲಸಕ್ಕೆ ಹಳೆಯದನ್ನೇ ಎಳೆದುಕೊಂಡೆ. ಹೊಸದನ್ನು ಮಾತ್ರ ಎದುರಿಗೇ ಇಟ್ಟುಕೊಂಡೆ. ಶೀಷೆಗಳಿಗೆಲ್ಲ ನಂಬರು, ಆ ಕೋಣೆಯಲ್ಲಿ ಹೆಸರು ಅಂತ ಇದ್ದದ್ದು ಆಕೆಯದೊಂದೇ. ಒಂದೊಂದು ದಿನ ಅದನ್ನು ಜೋರಾಗಿ ಓದುತ್ತಿದ್ದೆ, ನನ್ನ ದನಿ ನನಗೆ ಕೇಳಲಿ ಎಂದು.