ಕ್ರೇನಿನವರು ಕಟ್ಟಿದ ಬ್ಯಾಟರಿ ಸೈಕಲ್ಲು

ನಮ್ಮಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿ ಕ್ರೇನ್ ರಿಪೇರಿ ಮಾಡುವ ಕೆಲಸದಲ್ಲಿದ್ದರು. ಜೀವಮಾನವೆಲ್ಲ ಅವರು ಕಂಡಿದ್ದು ಭಾರವಾದ ವಸ್ತುಗಳು ನಿಧಾನವಾಗಿ ಹೋಗುವುದನ್ನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವರು ನನಗೆ ಬ್ಯಾಟರಿ ಸೈಕಲ್ ಮಾಡಿಕೊಡುತ್ತೇನೆಂದು ಹೊರಟಾಗ ಈ ಸಂಗತಿ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದಿದ್ದರೆ ಅಣ್ಣನ ಹಳೇ ಸೈಕಲ್ಲನ್ನು ಅವರ ಕೈಗೆ ಸಿಗದ ಹಾಗೆ ಎಲ್ಲಾದರೂ ಸಾಗಹಾಕಿಬಿಡುತ್ತಿದ್ದೆ.

ಚಿಕ್ಕಂದಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸಣ್ಣಗಾಗಿತ್ತು. ಕಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿಕೊಂಡು ನಡೆಯುತ್ತಿದ್ದೆ. ಕಾಲಿನ ವಿಷಯದಲ್ಲಿ ನನಗೆ ದುಃಖವೇನೂ ಇರಲಿಲ್ಲ, ಸಿಟ್ಟಿತ್ತು. ಶಾಲೆಗೆ, ಕಾಲೇಜಿಗೆ, ಮದುವೆ ಮನೆಗೆ, ಎಲ್ಲಿಗೆ ಹೊರಟರೂ ಜೊತೆಯವರೆಲ್ಲ ಮುಂದೆ, ನಾನೊಬ್ಬಳು ಹಿಂದೆ. ‘ಸ್ವಲ್ಪ ನಿಧಾನ ಹೋಗ್ರೇ’ ಎಂದು ಕೂಗಿ ಕೂಗಿಯೇ ನನ್ನ ಗಂಟಲು ಇಷ್ಟು ದೊಡ್ಡದಾಗಿದ್ದು. ನಮ್ಮ ಕ್ವಾರ್ಟರ್ಸಿನ ಹುಡುಗಿಯರ ಮುಖಕ್ಕಿಂತ ಬೆನ್ನೇ ನನಗೆ ಚೆನ್ನಾಗಿ ಪರಿಚಯ. ಯಾರ ಜಡೆ ಎಷ್ಟುದ್ದ, ಯಾರ ಲಂಗದ ಹೊಲಿಗೆ ಬಿಚ್ಚಿದೆ, ಕೇಳಿದರೆ ಈಗಲೂ ಹೇಳಿಯೇನು.

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಹೊಳೆಯ ಆಚೆ, ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನನಗೆ ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಕೆಲಸವಿತ್ತು. ಅಣ್ಣ ತನ್ನ ಸೈಕಲ್ಲಿನ ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಬಿಟ್ಟು ಬರುತ್ತಿದ್ದ. ಅವನು ಏಳುವುದೇ ಒಂಬತ್ತಕ್ಕೆ. ಒಂದು ದಿನ ಅಂಗಡಿಯ ಯಜಮಾನರು ನನ್ನನ್ನು ಕರೆದು, ‘ನೋಡಮ್ಮ, ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ ಇನ್ನೊಂದು ಅಂಗಡಿ ತೆಗೀತಿದ್ದೀನಿ. ಮುಂದಿನ ತಿಂಗಳಿಂದ ಇಲ್ಲಿನ ಬೀಗದಕೈ ಯಾರಿಗಾದ್ರೂ ಕೊಡ್ಬೇಕು. ನಿನ್ ಕೆಲ್ಸ ಚೆನ್ನಾಗಿದೆ. ಆದ್ರೆ ಒಂಬತ್ತು ಗಂಟೆಗೆ ಬಾಗಿಲು ತೆಗೆಯೋರು ಬೇಕು. ನಿಮ್ಮಣ್ಣ ಎದ್ದಾಗ ತೆಗೆಯೋರಲ್ಲ’ ಎಂದರು. ಆ ಬೀಗದಕೈ ನನಗೆ ಬೇಕಿತ್ತು. ಮದುವೆಯಾಗದ, ಕಾಲು ಸರಿಯಿಲ್ಲದ ಹುಡುಗಿಯ ಕೈಯಲ್ಲಿ ಒಂದು ಅಂಗಡಿಯ ಬೀಗದಕೈ ಇರುವುದೆಂದರೆ ಏನು ಎಂದು ಎರಡೂ ಕಾಲು ಗಟ್ಟಿಯಿರುವವರಿಗೆ ಬಿಡಿಸಿ ಹೇಳುವುದು ಕಷ್ಟ.

ಬಸ್ಸಿನ ಮೆಟ್ಟಿಲು ಎತ್ತರ, ಒಬ್ಬಳೇ ಹತ್ತಲಾರೆ. ದಿನಾ ಆಟೋ ಹತ್ತಿದರೆ ಸಂಬಳವೆಲ್ಲ ಆಟೋದವನಿಗೇ. ಪಕ್ಕಕ್ಕೆ ಚಕ್ರ ಹಾಕಿಸಿದ ಮೊಪೆಡ್ ನಮ್ಮ ಯೋಗ್ಯತೆಗೆ ಮೀರಿದ್ದು. ಆಗ ಅಪ್ಪ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತು, ಅಮ್ಮನ ಮಿಕ್ಸಿಯನ್ನು ಆಗಾಗ ಬಿಚ್ಚಿ ಜೋಡಿಸಿ ಅವಳ ಜೀವ ತಿನ್ನುತ್ತಿದ್ದರು. ‘ಫ್ಯಾಕ್ಟರಿ ಒಳಗೆ ಬ್ಯಾಟರಿ ಗಾಡೀಲಿ ಟನ್‌ಗಟ್ಲೆ ಸಾಮಾನು ಸಾಗಿಸ್ತಿದ್ವಿ. ಈ ಹಿಡಿ ಹುಡುಗೀನ ಸಾಗಿಸಕ್ಕಾಗಲ್ವಾ?’ ಎಂದರು. ಅಮ್ಮ ಮಿಕ್ಸಿಯನ್ನು ಅಡುಗೆಮನೆಗೆ ಎತ್ತಿಕೊಂಡು ಹೋಗಿ, ‘ಮಾಡಿ, ಮಾಡಿ, ಒಳ್ಳೇ ಯೋಚ್ನೆ’ ಎಂದಳು.

ದುಡ್ಡು ಕಡಿಮೆ ಇತ್ತು. ಆದ್ದರಿಂದ ಭಾಗಗಳನ್ನು ಆರಿಸುವುದರಲ್ಲೇ ಎಲ್ಲ ಇದೆ ಎಂದು ಅಪ್ಪ ಹೇಳಿದರು. ನನ್ನನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಹೋದರು. ಸವಳಂಗ ರಸ್ತೆಯಿಂದ ಒಳಕ್ಕೆ ಹೋದರೆ ಅವರ ಪರಿಚಯದ ಒಂದು ಗುಜರಿ ಅಂಗಡಿ. ಅಂಗಡಿಯ ಸಾಹೇಬರು ನನಗೆ ಟೈರಿನ ಮೇಲೆ ಗೋಣಿ ಹಾಸಿ ಕೂರಿಸಿ, ಎರಡು ಮೋಟರು ತಂದಿಟ್ಟರು. ಒಂದು ಕಾರಿನ ಫ್ಯಾನ್ ತಿರುಗಿಸುವ ಮೋಟರು, ಹಗುರ, ಸ್ವಿಚ್ ಒತ್ತಿದರೆ ಸುಂಯ್ ಎನ್ನುತ್ತಿತ್ತು. ಇನ್ನೊಂದು ಯಾವುದೋ ದೊಡ್ಡ ಯಂತ್ರದ ಹೊಟ್ಟೆಯಿಂದ ಬಂದದ್ದು, ಗೇರ್ ಬಾಕ್ಸ್ ಸಮೇತ, ಅದನ್ನು ಎತ್ತುವುದಕ್ಕೇ ಇಬ್ಬರು ಬೇಕಾಯಿತು.

‘ಇದು ತಗೊಳ್ಳಿ ಸಾಬ್,’ ಎಂದು ಸಾಹೇಬರು ಹಗುರದ್ದನ್ನು ತೋರಿಸಿದರು. ‘ಬೇಟಿ ಹವಾ ಥರ ಹೋಗ್ತಾಳೆ.’

ಅಪ್ಪ ಏನು ಮಾಡಿದರು ಎಂದರೆ, ಆ ಮೋಟರಿನ ತಿರುಗುವ ಕಂಬಿಗೆ ಬಟ್ಟೆ ಸುತ್ತಿ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದರು. ಮೋಟರು ಮುಲುಗಿ ನಿಂತಿತು. ಆಮೇಲೆ ದಪ್ಪದ್ದನ್ನು ಹಿಡಿದರು. ಅದು ಅಪ್ಪನ ಕೈ, ಮೊಣಕೈ, ಭುಜ ಎಲ್ಲವನ್ನೂ ತಿರುಚಿಕೊಂಡು ಮೆಲ್ಲಗೆ ತಿರುಗಿತು, ಅಪ್ಪನೂ ಅದರ ಜೊತೆ ಬಗ್ಗುತ್ತ ಹೋದರು. ಸಾಹೇಬರು ಓಡಿ ಬಂದು ವೈರ್ ಕಿತ್ತರು. ಅಪ್ಪನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಅಣ್ಣ ಪಾಸಾದ ದಿನವೂ ಕಂಡಿರಲಿಲ್ಲ.

‘ಕೈಯಲ್ಲಿ ಹಿಡಿದ್ರೆ ನಿಲ್ಲೋ ಮೋಟರು ನನ್ ಮಗಳನ್ನ ಏನು ಎಳೆಯುತ್ತೆ?’ ಎಂದರು.

‘ಆದ್ರೆ ಅಪ್ಪ, ಅದು ಮೆಲ್ಲಗೆ ತಿರುಗುತ್ತಲ್ಲ.’

‘ಶಕ್ತಿ ಇರೋದು ಮೆಲ್ಲಗೇ ತಿರುಗೋದು, ಮಾರಾಯ್ತಿ. ಸುಮ್ನಿರು.’

ಸಾಹೇಬರೂ, ‘ಹೌದು ಬೇಟಿ, ತಾಕತ್ ಮುಖ್ಯ’ ಎಂದು ತಕ್ಷಣ ಪ್ಲೇಟ್ ಬದಲಾಯಿಸಿದರು. ಬಸ್ಸಿನಲ್ಲಿ ಮೋಟರಿಗೂ ಟಿಕೆಟ್ ಕೇಳಿದಾಗ ಅಪ್ಪ ಕಂಡಕ್ಟರ್ ಜೊತೆ ವಿದ್ಯಾನಗರ ದಾಟುವವರೆಗೂ ಜಗಳವಾಡಿದರು.

ಮನೆಗೆ ಬಂದ ಮೇಲೆ ಅಪ್ಪನ ಇಬ್ಬರು ಗೆಳೆಯರು ಸೇರಿಕೊಂಡರು. ಒಬ್ಬರು ವೆಲ್ಡರ್ ಮಾವ, ಮನೆಮಾತು ತಮಿಳು, ನಮ್ಮ ಕ್ವಾರ್ಟರ್ಸಿನ ಅರ್ಧ ಗೇಟುಗಳು ಅವರು ಮಾಡಿದ್ದು. ಇನ್ನೊಬ್ಬರು ಕ್ರೇನ್ ಮಾವ, ಎತ್ತರದ ಗೂಡಿನಲ್ಲಿ ಕೂತು ಕ್ರೇನ್ ಓಡಿಸುತ್ತಿದ್ದವರು. ನೆಲದ ಮೇಲೆ ಇರುವಾಗಲೂ ಮಾತಾಡುವವರ ತಲೆಯ ನೆತ್ತಿ ನೋಡಿಯೇ ಮಾತಾಡುತ್ತಿದ್ದರು. ಈ ಮೂವರ ಲೆಕ್ಕಾಚಾರ ಹೀಗಿತ್ತು: ಹಗುರವಾದದ್ದಕ್ಕೆಲ್ಲ ಕಾಸು ಕೊಡಬೇಕು, ಕಬ್ಬಿಣ ಪುಕ್ಕಟೆ. ವೆಲ್ಡರ್ ಮಾವನ ಹಿತ್ತಿಲಲ್ಲಿ ಹರಾಜಿನಲ್ಲಿ ತಂದ ಕಬ್ಬಿಣ ಬಿದ್ದಿತ್ತು. ಹಾಗಾಗಿ ಉಳಿತಾಯ ಮಾಡಿದಷ್ಟೂ ಅಣ್ಣನ ಹಳೇ ಸೈಕಲ್ಲು ದಪ್ಪವಾಗುತ್ತ ಹೋಯಿತು. ಹಿಂದೆ ಸಾಮಾನು ಸಾಗಿಸುವ ಗಾಡಿಯ ಎರಡು ಚಕ್ರ. ಮುಂದೆ ಗೇಟಿಗೆ ಹಾಕುವ ಪೈಪಿನ ಗಾರ್ಡು. ನನ್ನ ಸೀಟಿನ ಸುತ್ತ ಬಾಲ್ಕನಿಗೆ ಹಾಕುವಂಥ ಕಂಬಿ, ಅದರ ನಡುವೆ ವೆಲ್ಡರ್ ಮಾವ ಪ್ರೀತಿಯಿಂದ ಒಂದು ಕಬ್ಬಿಣದ ನವಿಲನ್ನೂ ಕೂರಿಸಿದ್ದರು.

‘ನವಿಲು ಯಾಕೆ ಮಾವ?’

‘ಹೆಣ್ಮಗು ಗಾಡಿ ಅಲ್ವಾ ಕಣ್ಣು, ಅಂದ ಬೇಕು,’ ಎಂದರು. ತಮಿಳಿನ ಮುದ್ದಿನಲ್ಲಿ ನಾನು ಅವರಿಗೆ ಯಾವತ್ತೂ ‘ಕಣ್ಣು’.

ಸ್ವಿಚ್ಚಿನ ಜವಾಬ್ದಾರಿ ಕ್ರೇನ್ ಮಾವನದು. ಅಂಗಡಿಯಲ್ಲಿ ಒಳ್ಳೆಯ ಸ್ವಿಚ್ಚಿಗೆ ಕೇಳಿದ ಬೆಲೆ ಅವರಿಗೆ ಅವಮಾನ ಅನಿಸಿತು. ಹಳೇ ಕ್ರೇನಿನಿಂದ ಹಗ್ಗದ ಹಾಗೆ ನೇತಾಡುವ ಬಟನ್ ಪೆಟ್ಟಿಗೆಯೊಂದನ್ನು ತಂದು ಹ್ಯಾಂಡಲ್ಲಿಗೆ ಕಟ್ಟಿದರು. ಅದರಲ್ಲಿ ಮೂರು ಬಟನ್ನು: ‘ಮೇಲೆ’, ‘ಕೆಳಗೆ’, ಮತ್ತು ಕೆಂಪಗೆ ಊದಿಕೊಂಡ ‘ನಿಲ್ಲು’. ‘ಮೇಲೆ ಅಂತಿರೋದನ್ನ ಒತ್ತಿಕೊಂಡೇ ಇದ್ರೆ ಮುಂದಕ್ಕೆ ಹೋಗುತ್ತೆ, ಕೆಳಗೆ ಒತ್ತಿದ್ರೆ ಹಿಂದಕ್ಕೆ,’ ಎಂದು ವಿವರಿಸಿದರು. ಜೊತೆಗೆ ಕ್ರೇನಿಗೆ ಇರುವಂಥದೇ ಗಂಟೆ. ಗಾಡಿ ಅಲುಗಾಡಿದರೆ ಸಾಕು, ಢಣ್ ಢಣ್ ಎಂದು ತಾನಾಗಿಯೇ ಹೊಡೆದುಕೊಳ್ಳುತ್ತಿತ್ತು. ಅದನ್ನು ನಿಲ್ಲಿಸಲು ಬಟನ್ ಇರಲಿಲ್ಲ. ಇರಬಾರದು, ಅದು ಸುರಕ್ಷತೆಯ ನಿಯಮ ಎಂದರು.

ಮೋಟರು ಬಿಟ್ಟರೆ ಬ್ಯಾಟರಿ ಮಾತ್ರ ಕೊಳ್ಳಬೇಕಾಯಿತು. ಟ್ಯಾಕ್ಸಿಯಿಂದ ತೆಗೆದ ಎರಡು ಸಿಕ್ಕವು. ಆಗ ಸಂಜೆ ಆದರೆ ಕರೆಂಟು ಹೋಗುತ್ತಿತ್ತು, ಸರಿಯಾಗಿ ಅಮ್ಮನ ಧಾರಾವಾಹಿಯ ಹೊತ್ತಿಗೆ. ಬ್ಯಾಟರಿಗಳು ಮನೆಗೆ ಬಂದ ಎರಡನೇ ದಿನವೇ ಅಮ್ಮ ಅವುಗಳನ್ನು ಪತ್ತೆ ಮಾಡಿ, ಕ್ರೇನ್ ಮಾವನ ಕೈಲಿ ವೈರ್ ಎಳೆಸಿ, ಬ್ಯಾಟರಿಯಲ್ಲಿ ನಡೆಯುವ ಪಕ್ಕದ ಮನೆಯವರ ಸಣ್ಣ ಟಿವಿ ತಂದು ಹಚ್ಚಿಸಿದಳು. ಬೀದಿಯ ಹೆಂಗಸರೆಲ್ಲ ನಮ್ಮ ನಡುಮನೆಯಲ್ಲಿ. ನಾನು ಬೀಗದಕೈಯ ಚಿಂತೆಯಲ್ಲಿ ಬೆಂದುಹೋಗುತ್ತಿದ್ದರೆ, ಇವರು ನನ್ನ ಬ್ಯಾಟರಿ ಕುಡಿದು ಯಾರದೋ ಅತ್ತೆ ಸೊಸೆಯ ಜಗಳ ನೋಡುತ್ತಿದ್ದರು. ‘ನನ್ ಗಾಡಿ ಹೊಟ್ಟೆಗೆ ಮಣ್ಣು ಹಾಕ್ಬೇಡ್ರಿ’ ಎಂದು ಕೂಗಾಡಿದೆ. ‘ಶ್, ಕೇಳಿಸ್ತಿಲ್ಲ’ ಎಂದರು. ಮರುದಿನದಿಂದ ಬ್ಯಾಟರಿಗಳನ್ನು ನನ್ನ ಮಂಚದ ಕೆಳಗೆ ಇಟ್ಟುಕೊಂಡೆ.

ಗಾಡಿ ತಯಾರಾದಾಗ ಅದನ್ನು ನನಗೆ ಕೊಡಲಿಲ್ಲ. ಕ್ರೇನಿಗೆ ಎಷ್ಟು ಭಾರ ಹೊರಬೇಕೋ ಅದರ ಮೇಲೆ ಕಾಲು ಭಾಗ ಹೆಚ್ಚು ಹೊರಿಸಿ ಪರೀಕ್ಷೆ ಮಾಡಬೇಕು, ಆಮೇಲೆಯೇ ಕೆಲಸಕ್ಕೆ ಬಿಡಬೇಕು, ಅದು ಅವರ ಪದ್ಧತಿ. ನನ್ನನ್ನು ರೇಷನ್ ಅಂಗಡಿಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ತಿಳಿಯಬೇಕೆಂದರು.

‘ನಾನೇನು ಲೋಡಾ?’ ಎಂದೆ. ಮೈಯೆಲ್ಲ ಉರಿದುಹೋಗಿತ್ತು.

‘ಹಾಗಲ್ಲ ಪುಟ್ಟಿ, ಸೇಫ್ಟಿ,’ ಎಂದರು ಅಪ್ಪ, ನೊಂದ ದನಿಯಲ್ಲಿ.

ತಕ್ಕಡಿ ಹತ್ತಲಿಲ್ಲ. ಕೊನೆಗೆ ನನ್ನನ್ನು ಕಣ್ಣಳತೆಯಲ್ಲೇ ತೂಗಿ, ವೆಲ್ಡರ್ ಮಾವನೂ ಅರ್ಧ ಮೂಟೆ ಅಕ್ಕಿಯೂ ಸೇರಿದರೆ ಒಂದೂಕಾಲು ನಾನು ಎಂದು ತೀರ್ಮಾನಿಸಿದರು. ಮಾವ ಅಕ್ಕಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನವಿಲಿನ ಹಿಂದೆ ಕೂತರು. ಬೀದಿಯ ಜನವೆಲ್ಲ ನಿಂತು ನೋಡಿದರು. ‘ಮೇಲೆ’ ಬಟನ್ ಒತ್ತಿದರು. ಗಂಟೆ ಹೊಡೆಯಿತು. ಗಾಡಿ ಹೊರಟಿತು.

ಹೊರಟಿದೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು. ಪಕ್ಕದ ಮನೆಯ ಕೋಳಿಯೊಂದು ಎದುರಿಗೆ ಮೇಯುತ್ತಿತ್ತು. ಗಾಡಿ ಹತ್ತಿರ ಬಂತು, ಕೋಳಿ ನೋಡಿತು, ಇನ್ನೆರಡು ಕಾಳು ಹೆಕ್ಕಿತು, ಆಮೇಲೆ ಸರಿಯಿತು. ಮನುಷ್ಯ ಆರಾಮಾಗಿ ನಡೆಯುವಷ್ಟೇ ವೇಗ, ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ. ಆದರೆ ಅಡ್ಡ ನಿಂತು ತಡೆಯುವುದು ಅಸಾಧ್ಯ. ಅಣ್ಣ ಎದುರಿಗೆ ನಿಂತು ಗಾರ್ಡನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದ, ಅವನನ್ನೂ ತಳ್ಳಿಕೊಂಡು ಹೋಗಿ ಚರಂಡಿಯ ಅಂಚಿಗೆ ತಂದಿತು. ಮೂವರು ಗೆಳೆಯರೂ ಕೈಕುಲುಕಿಕೊಂಡರು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಇಷ್ಟೆಲ್ಲ ಮಾಡಿ, ಉಳಿದ ದುಡ್ಡೆಲ್ಲ ಸುರಿದು, ನಡೆಯುವವರ ವೇಗಕ್ಕೆ ಬಂದು ನಿಂತಿದ್ದರು.

ಅಮ್ಮ ಬಂದು ಬಾಗಿಲಲ್ಲಿ ನಿಂತು, ‘ಬೇಗ ಹೊರಟ್ರಾಯ್ತು ಬಿಡೇ’ ಎಂದಳು. ಆ ಇಡೀ ತಿಂಗಳಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅದೊಂದೇ.

ತಿಂಗಳು ಹುಟ್ಟಿದ ಸೋಮವಾರ ಯಜಮಾನರು ನಂಬಿ ಕೊಟ್ಟ ಬೀಗದಕೈಯನ್ನು ಕುತ್ತಿಗೆಯ ಸರಕ್ಕೆ ಪೋಣಿಸಿಕೊಂಡು ಎಂಟಕ್ಕೇ ಗಾಡಿಯ ಮೇಲೆ ಕೂತೆ. ಅಪ್ಪ ಇಸ್ತ್ರಿ ಮಾಡಿದ ಖಾಕಿ ಶರ್ಟ್ ಹಾಕಿ, ಬಾಯಲ್ಲಿ ಸೀಟಿ ಇಟ್ಟುಕೊಂಡು ಎದುರಿಗೆ ನಿಂತಿದ್ದರು. ಕ್ರೇನಿನ ಭಾರ ಹೊರಟರೆ ಅದರ ಮುಂದೆ ಸಿಗ್ನಲ್ ಕೊಡುವ ಒಬ್ಬ ಮನುಷ್ಯ ನಡೆಯಲೇಬೇಕು, ಭಾರವನ್ನು ನೆಲಕ್ಕೆ ಇಳಿಸುವವರೆಗೂ ಅವನು ಬಿಟ್ಟು ಹೋಗುವ ಹಾಗಿಲ್ಲವಂತೆ. ಇಬ್ಬರು ಮಾವಂದಿರು ಹಿಂದೆ.

‘ಅಪ್ಪ, ನಾನೊಬ್ಳೇ ಹೋಗ್ಬೇಕು ಅಂತಾನೇ ಅಲ್ವಾ ಇದನ್ನ ಮಾಡಿದ್ದು?’

‘ಒಬ್ಳೇ ಹೋಗು. ಯಾರು ಬೇಡ ಅಂದ್ರು? ನಾವು ಬರೀ ಮುಂದೆ ಹಿಂದೆ ಇರ್ತೀವಿ.’

‘ಮೇಲೆ’ ಬಟನ್ ಒತ್ತಿದೆ. ಸೀಟಿ, ಗಂಟೆ, ನವಿಲು, ನಾನು, ಹಿಂದೆ ಇಬ್ಬರು ಮಾವಂದಿರು, ಹೀಗೆ ಮೆರವಣಿಗೆ ಹೊರಟಿತು. ಟೀ ಅಂಗಡಿಯಲ್ಲಿದ್ದವರು ಲೋಟ ಹಿಡಿದೇ ಎದ್ದು ನಿಂತರು. ಯಾರೋ ಒಬ್ಬರು, ಯಾವ ದೇವರೆಂದು ತಿಳಿದರೋ, ಚಪ್ಪಲಿ ಕಳಚಿದರು. ಸೇತುವೆಯ ಮೇಲೆ ಹಿಂದಿನಿಂದ ಬಂದ ಬಸ್ಸಿನವನು ಹಾರ್ನ್ ಹೊಡೆದರೆ ಅಪ್ಪ ತಿರುಗಿ ಅಂಗೈ ಎತ್ತಿ ಬಸ್ಸನ್ನೇ ನಿಲ್ಲಿಸಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆಯಿಂದ ಸತ್ತುಹೋಗುತ್ತೇನೆ ಅನಿಸಿತು.

ಸೇತುವೆ ದಾಟಿದ ಮೇಲೆ ಏರು. ಸೈಕಲ್ಲಿನವರು ಅಲ್ಲಿ ಇಳಿದು ತಳ್ಳುತ್ತಾರೆ. ನಮ್ಮ ಗಾಡಿಗೆ ಏರೂ ಒಂದೇ, ಸಮವೂ ಒಂದೇ, ಅದು ಮೊದಲಿನ ವೇಗದಲ್ಲೇ ಹತ್ತತೊಡಗಿತು. ಹಿಂದಿನ ಮಾವಂದಿರ ಮಾತು ಮೊದಲು ನಿಂತಿತು. ಆಮೇಲೆ ಅಪ್ಪನ ಸೀಟಿ ತುಂಡು ತುಂಡಾಗಿ ಬರಲಾರಂಭಿಸಿತು. ತಲೆಯೆತ್ತಿ ನೋಡಿದರೆ ಅವರ ಬೆನ್ನು ಹತ್ತಿರವಾಗುತ್ತಿತ್ತು. ಖಾಕಿ ಶರ್ಟು ಬೆವರಿಗೆ ಅಂಟಿಕೊಂಡಿತ್ತು. ಅವರ ಪಕ್ಕಕ್ಕೆ ಬಂದೆ. ಅವರನ್ನು ದಾಟಿದೆ. ಹಾಗೆ ನಾನು ಯಾರನ್ನೂ, ಎಲ್ಲಿಯೂ, ಯಾವತ್ತೂ ದಾಟಿರಲಿಲ್ಲ.

ಹಿಂದಿನಿಂದ ಅಪ್ಪನ ದನಿ ಏದುಸಿರಿನ ನಡುವೆ ಬಂತು. ‘ಪುಟ್ಟಿ, ಸ್ವಲ್ಪ ನಿಧಾನ ಹೋಗೇ.’

ಕಣ್ಣು ಮಂಜಾಗಿ ರಸ್ತೆಯೇ ಕಾಣಲಿಲ್ಲ. ಕೆಂಪು ಬಟನ್ನು ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ನಾನು ಅದನ್ನು ಮುಟ್ಟಲಿಲ್ಲ. ಮೇಲೆ ಅನ್ನುವುದನ್ನೇ ಒತ್ತಿ ಹಿಡಿದು, ತಿರುಗಿ ನೋಡದೆ, ಗಂಟೆ ಹೊಡೆಸಿಕೊಂಡು ಬಸ್ ಸ್ಟ್ಯಾಂಡಿನವರೆಗೂ ಹೋದೆ. ಬೀಗ ತೆಗೆದು, ಕಸ ಗುಡಿಸಿ, ಕಂಪ್ಯೂಟರಿನ ಮುಂದೆ ಕೂತಾಗ ಒಂಬತ್ತಕ್ಕೆ ಇನ್ನೂ ಹೊತ್ತಿತ್ತು.

ಸ್ವಲ್ಪ ಹೊತ್ತಿಗೆ ಅಪ್ಪ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಸೀಟಿ ಕುತ್ತಿಗೆಯಲ್ಲಿ ನೇತಾಡುತ್ತಿತ್ತು. ಕುರ್ಚಿ ಕೊಟ್ಟೆ, ಕೂರಲಿಲ್ಲ. ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು.

‘ಎಷ್ಟು ಜೋರಾಗಿ ಬಂದ್ಬಿಟ್ಯೇ,’ ಎಂದರು.

ನೀರು ಕುಡಿದು, ಹೊರಗೆ ಹೋಗಿ ಗಾಡಿಯನ್ನು ಒಂದು ಸುತ್ತು ನೋಡಿ, ಮಾವಂದಿರನ್ನು ಕರೆದುಕೊಂಡು ಮನೆಗೆ ಹೊರಟರು. ಮರುದಿನ ಬೆಳಿಗ್ಗೆ ಮನೆಯ ಗೇಟಿನವರೆಗೆ ಮಾತ್ರ ಬಂದರು.